ಅಂಗೈಯಲ್ಲಿ ನಿಲ್ಲದ ತೀರ್ಥ

ನೆನೆಸಿಟ್ಟ ಅವರೆಕಾಳು ಹಿಚುಕುತ್ತಿದ್ದೆ. ನಾವಿರುವ ಈ ಪರದೇಶದ ಊರು ಫೋರ್ಟ್ ಮಿಲ್‌ನಲ್ಲಿ ನಮಗೆ ಸಿಗುವುದು ಫ್ರೀಜರಿನ ಕಾಳು. ಸೊಗಡಿನ ಸುಳಿವೇ ಇರುವುದಿಲ್ಲ. ಆದರೂ ಸಿಪ್ಪೆ ಸಲೀಸಾಗಿ ಜಾರುತ್ತದೆ, ಅಷ್ಟರ ಮಟ್ಟಿಗೆ ರಾಯರ ದಯೆ. ಬಟ್ಟಲು ಅರ್ಧ ತುಂಬುವ ಹೊತ್ತಿಗೆ ಕಟ್ಟೆಯ ಮೇಲಿನ ಫೋನು ಗುರುಗುಟ್ಟಿತು. ಕೈತುಂಬ ಲೋಳೆ, ಮೊಣಕೈಯಲ್ಲೇ ಸ್ಪೀಕರ್ ಒತ್ತಿದೆ.

"ಮೇಡಂ, ಕೂತ್ಕೊಂಡಿದ್ದೀರಾ? ನಿಮ್ಮ ಉದ್ದದ ಹುಡುಗ ನಿನ್ನೆ ಅಟ್ಲಾಂಟಾ ಮ್ಯಾಚಲ್ಲಿ ತೊಂಬತ್ತೇಳು ಮೈಲಿ ಸ್ಪೀಡ್ ಮುಟ್ಟಿದಾನೆ!"

ಮಾತಾಡಿದವರು ನನ್ನ ಮೇಲ್ವಿಚಾರಕರು. ಬೆಂಗಳೂರಿನವರು, ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ತಮ್ಮ ಮನೆಯ ನೆಲಮಾಳಿಗೆಯಲ್ಲೇ ಕೂತು ಬೇಸ್‌ಬಾಲ್ ಆಟಗಾರರ ವಿಡಿಯೋ ಮತ್ತು ವರದಿಗಳನ್ನು ತಂಡಗಳಿಗೆ ಒದಗಿಸುವ ಒಂದು ಸಣ್ಣ ಕಂಪನಿ ನಡೆಸುತ್ತಿದ್ದರು. ಕೋವಿಡ್ ಕಾಲದಲ್ಲಿ ಹೊರಗಿನವರನ್ನು ಮೈದಾನಕ್ಕೆ ಬಿಡದೆ ಇದ್ದಾಗ, ಮನೆಯಲ್ಲೇ ಕೂತು ವಿಡಿಯೋ ನೋಡಿ ಒಂದೊಂದು ಎಸೆತವನ್ನೂ ಗುರುತು ಹಾಕುವವರು ಅವರಿಗೆ ಬೇಕಾಗಿದ್ದರು. ನಾನು ಸೇರಿಕೊಂಡೆ. ಆಮೇಲೆ ಮೈದಾನಗಳು ತೆರೆದವು. ನಮ್ಮ ಮನೆಯ ಹತ್ತಿರವೇ ಕಾಲೇಜೊಂದರ ಮೈದಾನ ಇರುವುದರಿಂದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಚೆಂಡಿನ ವೇಗ ಅಳೆಯುವ ರೇಡಾರ್ ಗನ್ನು ಎಲ್ಲವನ್ನೂ ಪಾರ್ಸೆಲ್ ಮಾಡಿ ನನ್ನ ಬಾಗಿಲಿಗೆ ಕಳಿಸಿದರು.

"ಇನ್ಮೇಲೆ ಬೇರೆಯವರನ್ನ ಬಿಟ್ಬಿಡಿ ಮೇಡಂ, ಇವನೊಬ್ಬನ್ನೇ ಫಾಲೋ ಮಾಡಿ. ಜೂನಲ್ಲಿ ಅಟ್ಲಾಂಟಾ ಹತ್ರ ಡುಲುತ್‌ನಲ್ಲಿ ಟ್ರಯಲ್. ಅಲ್ಲಿ ಚೆನ್ನಾಗಿ ಎಸೆದ ಅಂದ್ರೆ ಜುಲೈ ಡ್ರಾಫ್ಟಲ್ಲಿ ದೊಡ್ಡ ಟೀಮಿನವರು ಯಾರಾದ್ರೂ ಎತ್ಕೊಂಡು ಹೋಗ್ತಾರೆ."

"ಆ ಮನೆಯವರು ನಮಗೆ ಬೇಕಾದವರು. ತೊಂದರೆ ಇಲ್ವಾ?"

"ಇನ್ನೂ ಒಳ್ಳೇದಾಯ್ತಲ್ಲ ಮೇಡಂ!"

ಹುಡುಗನ ತಂದೆ ಧಾರವಾಡದ ಕಡೆಯವರು, ಅರಿವಳಿಕೆ ಡಾಕ್ಟರು. ತಾಯಿ ಮಕ್ಕಳ ಡಾಕ್ಟರು. ಗುರುವಾರ ಸಂಜೆ ನಮ್ಮ ಮನೆಯಲ್ಲಿ ರಾಯರ ಪೂಜೆ ಇಟ್ಟುಕೊಂಡಾಗಲೆಲ್ಲ ಬರುವ ಕುಟುಂಬ. ಹುಡುಗ ಅದೇ ಕಾಲೇಜಿನ ತಂಡದ ಎಸೆತಗಾರ, ಆರೂವರೆ ಅಡಿ. ಬಾಗಿಲಿಗೆ ಕಟ್ಟಿದ ಪ್ಲಾಸ್ಟಿಕ್ ಮಾವಿನೆಲೆ ತೋರಣ ಅವನ ಹಣೆಗೆ ಬಡಿಯದೆ ಒಂದು ಪೂಜೆಯೂ ಮುಗಿದಿಲ್ಲ. "ಸಾರಿ ಆಂಟಿ" ಎಂದು ತೋರಣವನ್ನು ತಾನೇ ಸರಿಮಾಡಿ ಒಳಗೆ ಬರುತ್ತಿದ್ದ.

ಅವನ ಕೆಲಸವೇನೆಂದು ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪಂದ್ಯ ಶುರುಮಾಡುವ ಎಸೆತಗಾರ ದಣಿದಾಗ ಕೊನೆಯ ಸುತ್ತುಗಳಿಗೆ ಬೇರೆಯವನನ್ನು ಇಳಿಸುತ್ತಾರೆ, ಅವನು ರಿಲೀಫ್ ಪಿಚರ್. ಶಕ್ತಿ ಉಳಿಸಿಕೊಳ್ಳುವ ಗೊಡವೆ ಅವನಿಗಿಲ್ಲ. ಬಂದು ಇದ್ದಬದ್ದ ಬಲವನ್ನೆಲ್ಲ ಹಾಕಿ ಎಸೆದು ಹೋಗುವುದು. ನಮ್ಮ ಕ್ರಿಕೆಟ್ಟಿನ ಹಾಗೆ ಓಡಿ ಬರುವುದಿಲ್ಲ, ಮಣ್ಣಿನ ದಿಬ್ಬದ ಮೇಲೆ ನಿಂತಲ್ಲಿಂದಲೇ ಎಸೆಯಬೇಕು. ಮೊಣಕೈ ಮಡಿಸಿ ಬೀಸುವುದರಿಂದ ಭಾರವೆಲ್ಲ ಮೊಣಕೈಯ ಒಳಬದಿಯ ಒಂದು ಬೆರಳಗಲದ ನಾರಿನ ಮೇಲೆ ಬೀಳುತ್ತದೆ. ಅದು ಹರಿದರೆ ಆಪರೇಷನ್ನು, ವರ್ಷಕ್ಕೂ ಮಿಕ್ಕಿ ಆಟವಿಲ್ಲ, ಎಷ್ಟೋ ಸಲ ಹಳೆಯ ವೇಗ ತಿರುಗಿ ಬರುವುದೂ ಇಲ್ಲ.

ನನ್ನ ಕೆಲಸ ಬಲೆಯ ಹಿಂದೆ ಕೂತು ಮಾಡುವಂಥದ್ದು. ಎಸೆತದ ವೇಗ ಬರೆದುಕೊಳ್ಳಬೇಕು, ನೇರ ಚೆಂಡೋ ಪಕ್ಕಕ್ಕೆ ಜಾರುವ ಸ್ಲೈಡರೋ ಎಂದು ಗುರುತಿಸಬೇಕು, ಚೆಂಡು ಕೈಬಿಟ್ಟ ಜಾಗಕ್ಕೆ ಟ್ಯಾಬ್ಲೆಟ್ಟಿನಲ್ಲಿ ಒಂದು ಚುಕ್ಕಿ ಇಡಬೇಕು. ಉಳಿದವರು ಎಸೆತಕ್ಕೊಮ್ಮೆ ಕ್ಯಾಮೆರಾ ಹಾಕಿ ಆರಿಸುತ್ತಾರೆ. ನಾನು ಆರಿಸುವುದಿಲ್ಲ. ಒಲೆಯ ಮೇಲೆ ಹಾಲಿಟ್ಟು ಅತ್ತ ಇತ್ತ ಹೋಗಬಾರದು ಎಂದು ಅಭ್ಯಾಸವಾದ ಕೈ ನನ್ನದು. ಅವನು ದಿಬ್ಬ ಹತ್ತಿದಾಗಿನಿಂದ ಇಳಿಯುವವರೆಗೂ ಕ್ಯಾಮೆರಾ ಓಡುತ್ತಲೇ ಇರುತ್ತಿತ್ತು. ಮೇಲ್ವಿಚಾರಕರು ಇದಕ್ಕೆ ಬಹಳ ಸಲ ಗೊಣಗಿದ್ದರು. "ಮಧ್ಯದಲ್ಲಿ ಅವನು ಟೋಪಿ ಸರಿಮಾಡ್ಕೊಳ್ಳೋದನ್ನ ಯಾರು ನೋಡ್ತಾರೆ ಮೇಡಂ? ಸ್ಟೋರೇಜ್ ಎಲ್ಲಾ ತುಂಬ್ತಾ ಇದೆ."

ನನ್ನ ಜೊತೆ ಬಲೆಯ ಹಿಂದೆ ಕೂರುತ್ತಿದ್ದವರು ತಂಡಗಳಿಗೆ ಹೊಸ ಆಟಗಾರರನ್ನು ಹುಡುಕುವ ಶೋಧಕರು, ಮಡಿಚುವ ಕುರ್ಚಿ ಹಾಕಿಕೊಂಡ ಗಂಡಸರು. ಅವರ ಪಕ್ಕ ಕೂರುವುದೇ ಒಂದು ಪ್ರಾಯಶ್ಚಿತ್ತ. ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆಯನ್ನು ಅಲ್ಲೇ ಉಗಿಯುವರು. ತಂಬಾಕು ಇಟ್ಟುಕೊಳ್ಳುವವರು ಖಾಲಿ ನೀರಿನ ಬಾಟಲಿಗೆ ಉಗಿದು, ಆ ಕಂದು ನೀರನ್ನು ಕುರ್ಚಿಯ ಕಾಲಿಗೆ ಆನಿಸಿ ಇಡುವರು. ಬಿಸಿಲಿಗೆ ಅದು ಬೆಚ್ಚಗಾಗಿ ನಾರುತ್ತಿತ್ತು. ನಾನು ಮನೆಯಿಂದ ಒಂದು ಚಾಪೆ, ಒದ್ದೆ ಬಟ್ಟೆ ಒಯ್ದು, ಒರೆಸಿ ಕೂರುತ್ತಿದ್ದೆ. ಗಾಳಿ ಅವರ ಕಡೆಗೆ ಬೀಸಿದ ದಿನ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕುತ್ತಿದ್ದೆ.

ಹುಡುಗ ಚಳಿಗಾಲದಲ್ಲಿ ಅಟ್ಲಾಂಟಾ ಕಡೆಯ ತರಬೇತಿ ಶಾಲೆಯೊಂದಕ್ಕೆ ಹೋಗಿದ್ದ. ಮಾಮೂಲಿಗಿಂತ ಭಾರದ ಚೆಂಡುಗಳನ್ನು ಗೋಡೆಗೆ ಎಸೆಸಿ ವೇಗ ಹೆಚ್ಚಿಸುವ ಜಾಗವದು. ಹೋಗುವ ಮುಂಚೆ ತೊಂಬತ್ತೊಂದು ಮೈಲಿ ಎಸೆಯುತ್ತಿದ್ದವನು ಮಾರ್ಚಿಗೆ ತೊಂಬತ್ತೈದು, ತೊಂಬತ್ತಾರು, ಆ ಅಟ್ಲಾಂಟಾ ಮ್ಯಾಚಿನಲ್ಲಿ ಒಮ್ಮೆ ತೊಂಬತ್ತೇಳು. ನಿಜ ಹೇಳುತ್ತೇನೆ, ನೋಡುವುದಕ್ಕೆ ಚೆಂದವಿತ್ತು. ಅಷ್ಟೆತ್ತರದಿಂದ ಚೆಂಡು ಇಳಿದು ಬರುವಾಗ ಬ್ಯಾಟ್ ಹಿಡಿದವರು ತಾವಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅವನ ತಂದೆ ಬಲೆಯ ಹತ್ತಿರ ಬಂದು ಪಿಸುಗುಟ್ಟುತ್ತಿದ್ದರು.

"ವೈನಿ, ಎಷ್ಟು ಬಂತ್ರಿ ಇವತ್ತ?"

"ತೊಂಬತ್ತೈದು."

"ಹೋದ ವಾರ ತೊಂಬತ್ತಾರು ಇತ್ತಲ್ರಿ. ಒಂದು ಎಲ್ಲಿ ಹೋತು?"

ಮಾರ್ಕ್ಸ್ ಕಾರ್ಡು ಹಿಡಿದುಕೊಂಡು ಕೇಳುವ ಧಾಟಿ. ನಮ್ಮ ಜನಕ್ಕೆ ಇದೊಂದು ಬಿಡದ ಚಾಳಿ. ಗುರುವಾರ ಮಂಗಳಾರತಿ ಆದಕೂಡಲೇ ಚೆಂಡನ್ನು ಕಣ್ಣಿಂದ ನೋಡದವರೂ ಅದನ್ನೇ ಕೇಳುತ್ತಿದ್ದರು, "ಎಷ್ಟು ಬಂತಂತೆ?" ಒಬ್ಬರ ಮಗಳ ಪರೀಕ್ಷೆಯ ಅಂಕ, ಇನ್ನೊಬ್ಬರ ಮಗನ ವೇಗ, ಎಲ್ಲ ಒಂದೇ ತಕ್ಕಡಿಯಲ್ಲಿ. ಹುಡುಗ ಮುಖ ಕೆಂಪಗೆ ಮಾಡಿಕೊಂಡು ಕೋಸಂಬರಿ ತಿನ್ನುತ್ತ ನಿಂತಿರುತ್ತಿದ್ದ.

ಏಪ್ರಿಲ್‌ನಲ್ಲಿ ಚುಕ್ಕಿಗಳು ಕೆಟ್ಟವು. ಶರತ್ಕಾಲದಲ್ಲಿ ಅವನ ಚುಕ್ಕಿಗಳೆಲ್ಲ ಒಂದರ ಮೇಲೊಂದು ಒತ್ತಾಗಿ ಕೂರುತ್ತಿದ್ದವು. ಈಗ ಕೆಳಕ್ಕಿಳಿದು ಪಕ್ಕಕ್ಕೆ ಸರಿದು ಚೆಲ್ಲಾಪಿಲ್ಲಿ. ತೋಳು ಮೇಲೆ ಹೋಗಲು ಒಲ್ಲೆ ಎನ್ನುತ್ತಿದೆ ಎಂದು ಅರ್ಥ. ವೇಗ ಮಾತ್ರ ಹಾಗೇ ಇತ್ತು. ಸ್ಲೈಡರಿನಲ್ಲಿ ನಾಲ್ಕರಲ್ಲಿ ಒಂದು ಹಿಡಿತ ತಪ್ಪಿ ಬಲೆಗೆ ಬಡಿಯುತ್ತಿತ್ತು. 'ತೋಳಿಗೆ ದಣಿವು ಇರಬಹುದು' ಎಂದು ವರದಿಯಲ್ಲಿ ಸೇರಿಸಿದೆ. ಕ್ಲಾರ್ಕ್ಸ್‌ಬರ್ಗ್‌ನಿಂದ ತಿರುಗಿ ಬಂದ ಪ್ರತಿಯಲ್ಲಿ ಆ ಸಾಲು ಇರಲಿಲ್ಲ. ಅದರ ಜಾಗದಲ್ಲಿ 'ಶೈಲಿಯಲ್ಲಿ ಸಣ್ಣ ಬದಲಾವಣೆ' ಎಂದಿತ್ತು.

ನನಗೆ ಮಾತ್ರ ಕಂಡದ್ದೇನೂ ಅಲ್ಲ. ಒಂದು ಮಧ್ಯಾಹ್ನ ಬಿಳಿ ಗಡ್ಡದ ಶೋಧಕರೊಬ್ಬರು ಪಕ್ಕದವರಿಗೆ ಹೇಳಿದರು, "ತೋಳು ಇಳೀತಾ ಇದೆ, ನೋಡಿದೆಯಾ?"

"ತಿಂಗಳಿಂದ ನೋಡ್ತಿದ್ದೀನಿ."

ನಾನು ತಡೆಯಲಾರದೆ ಕೇಳಿದೆ, "ಹಾಗಾದರೆ ಯಾರಾದರೂ ಅವನಿಗೆ ಹೇಳಬಾರದೇ?"

ಗಡ್ಡದವರು ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದಲೇ ಅಂದರು, "ಮ್ಯಾಮ್, ನಾವು ತಗೊಳ್ಳೋದು ವೇಗಾನ. ಮೊಣಕೈ ಆಮೇಲೆ ರಿಪೇರಿ ಮಾಡಿಸಬಹುದು. ಎಲ್ಲರಿಗೂ ಆಗುತ್ತೆ." ಬಾಟಲಿ ಎತ್ತಿ ಉಗಿದರು. ಹನಿಯೊಂದು ಅವರ ಗಡ್ಡದ ಮೇಲೆ ಉಳಿಯಿತು. ನಾನು ಚಾಪೆ ಸುತ್ತಿಕೊಂಡು ಇನ್ನೊಂದು ತುದಿಗೆ ಹೋಗಿ ಕೂತೆ.

ಮೇ ತಿಂಗಳ ಒಂದು ಗುರುವಾರ. ಪೂಜೆ ಮುಗಿಸಿ ನಮ್ಮವರು ತೀರ್ಥ ಕೊಡುತ್ತಿದ್ದರು. ನಾನು ಪಕ್ಕದಲ್ಲಿ ಮಂತ್ರಾಕ್ಷತೆಯ ತಟ್ಟೆ ಹಿಡಿದು ನಿಂತಿದ್ದೆ. ಹುಡುಗ ಸಾಲಿನಲ್ಲಿ ಬಂದು, ಇಷ್ಟುದ್ದ ಬಾಗಿ, ಬಲಗೈ ಬಟ್ಟಲಾಗಿಸಿ ಚಾಚಿದ. ಮೊಣಕೈ ಪೂರ್ತಿ ನೆಟ್ಟಗಾಗಲಿಲ್ಲ. ಉದ್ಧರಣೆಯಿಂದ ತೀರ್ಥ ಬಿತ್ತು. ಅವನು ಬಾಯಿಗೆ ಒಯ್ಯುವ ಮುಂಚೆಯೇ ನೀರು ಕಿರುಬೆರಳು, ಉಂಗುರದ ಬೆರಳಿನ ಸಂದಿಯಿಂದ ಇಳಿದು, ಮುಂಗೈ ಹಿಡಿದು, ಮೊಣಕೈಯಿಂದ ಕಾರ್ಪೆಟ್ಟಿಗೆ ತೊಟ್ಟಿಕ್ಕಿತು. ನಮ್ಮಲ್ಲಿ ಮೂರು ಸಲ ಕೊಡುತ್ತಾರೆ. ಮೂರು ಸಲವೂ ಹಾಗೇ. ಆ ಎರಡು ಬೆರಳು ಉಳಿದವುಗಳ ಜೊತೆ ಕೂಡಲೇ ಇಲ್ಲ. ಒಣ ತುಟಿಯನ್ನೇ ಅಂಗೈಗೆ ತಾಗಿಸಿ, ಕೈಯನ್ನು ತಲೆಗೆ ಒರೆಸಿಕೊಂಡ.

ಹಿಂದೆ ನಿಂತಿದ್ದ ಅವನ ತಾಯಿ ನಕ್ಕರು. "ಗಿಡದಷ್ಟು ಬೆಳದ್ರೂ ತೀರ್ಥ ತಗೊಳ್ಳಿಕ್ಕೆ ಬರಂಗಿಲ್ಲ ನೋಡ್ರಿ ಅಕ್ಕಾ ಇವಂಗ!"

ನಾನು ನಗಲಿಲ್ಲ. ಐದು ವರ್ಷದವನಾಗಿದ್ದಾಗ ಒಂದು ಹನಿ ಚೆಲ್ಲದೆ ತೀರ್ಥ ತೆಗೆದುಕೊಂಡು, ಇನ್ನೊಂದು ಸುತ್ತು ಕೇಳುತ್ತಿದ್ದ ಹುಡುಗ. ಮಂತ್ರಾಕ್ಷತೆಗೆ ಅವನು ಎಡಗೈ ಒಡ್ಡಿದ. "ಏ, ಎಡಗೈ!" ಎಂದು ತಾಯಿ ಮಣಿಕಟ್ಟಿಗೆ ಮೆತ್ತಗೆ ಹೊಡೆದರು.

"ಬಲಗೈ ನಿದ್ದೆ ಮಾಡ್ತಿದೆ ಅಮ್ಮಾ," ಅಂದ. "ಇಟ್ಸ್ ಓಕೆ. ಸ್ವಲ್ಪ ಹೊತ್ತು ಆದ್ಮೇಲೆ ಏಳುತ್ತೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ತಾಯಿಯ ನಗು ಮಾತ್ರ ಅರ್ಧಕ್ಕೆ ನಿಂತದ್ದನ್ನು ನೋಡಿದೆ. ಊಟದ ಎಲೆ ಹಾಕುವ ಗಡಿಬಿಡಿಯಲ್ಲಿ ಅದು ಅಲ್ಲಿಗೇ ಹೋಯಿತು.

ಡಾಕ್ಟರು ಕೈ ತೊಳೆಯಲು ಗ್ಯಾರೇಜಿನ ಸಿಂಕಿಗೆ ಹೋದಾಗ ಹಿಂದೆಯೇ ಹೋದೆ.

"ಡಾಕ್ಟ್ರೇ, ಅವನ ಬೆರಳು ಜೋಮು ಹಿಡಿದಿದೆ. ಗಮನಿಸಿದ್ರಾ?"

"ಗೊತ್ತದ್ರಿ ವೈನಿ." ಅವರು ಸೋಪು ಹಚ್ಚಿಕೊಳ್ಳುತ್ತಲೇ ಇದ್ದರು. "ನರದ ಮ್ಯಾಲೆ ಸ್ವಲ್ಪ ಪ್ರೆಶರ್ ಅದ. ಗುಳಿಗಿ ಕೊಡ್ಲಿಕ್ಕತ್ತೀನಿ. ಮ್ಯಾಚಿನ ಮುಂಚೆ ಒಂದು, ಆಮ್ಯಾಲೊಂದು."

"ಸ್ಕ್ಯಾನ್ ಮಾಡಿಸಿದ್ರಾ?"

"ಛೇ, ಏನ್ರಿ ನೀವು. ಸ್ಕ್ಯಾನ್ ಮಾಡಿಸಿದ್ರ ರೆಕಾರ್ಡಿಗೆ ಬರ್ತದ. ಟೀಮಿನವರು ಕೇಳಿದ್ರ ತೋರಸಬೇಕಾಗ್ತದ. ಡುಲುತ್ ಒಂದು ಮುಗೀಲಿ, ಆಮ್ಯಾಲೆ ನೋಡೋಣಂತ."

"ಅಷ್ಟರಲ್ಲಿ ಹರಿದುಹೋದ್ರೆ?"

"ವೈನಿ, ನನ್ನ ಮೆಡಿಕಲ್ ಎಂಟ್ರೆನ್ಸ್ ದಿನ ಟೈಫಾಯ್ಡ್ ಇತ್ರಿ ನನಗ. ಹೋಗಿ ಬರದಿಲ್ಲೇನು? ರ್‍ಯಾಂಕ್ ಬರಲಿಲ್ಲೇನು? ಒಂದು ದಿನದ ಮಾತದು. ತಡಕೊಂಡ್ರ ಜೀವನಾನ ಬದಲಾಗ್ತದ." ಕೈ ಒರೆಸಿಕೊಂಡು ದನಿ ತಗ್ಗಿಸಿದರು. "ಆಕಿಗೆ ಹೇಳಬ್ಯಾಡ್ರಿ. ಸುಮ್ಮನ ಹೆದರಿಕೋತಾಳ."

ಅವತ್ತು ಹಿಚುಕಿದ ಬೇಳೆಯ ಸಾರು ಮಾಡಿದ್ದೆ. ಡಾಕ್ಟರು ಎರಡು ಸಲ ಹಾಕಿಸಿಕೊಂಡು ಹೊಗಳಿದರು. ಮಗನ ಮೊಣಕೈ ಇವರಿಗೆ ಪರೀಕ್ಷೆಯ ದಿನದ ಟೈಫಾಯ್ಡಿನ ಹಾಗೆ ಕಂಡಿತಲ್ಲ! ಜ್ವರ ಇಳಿದರೆ ಮೈ ಮೊದಲಿನ ಹಾಗಾಗುತ್ತದೆ. ಹರಿದ ನಾರು ಹಾಗಲ್ಲ. ಇದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಗುಳಿಗೆ ಎಣಿಸುತ್ತಿದ್ದರು.

ಮಾರನೆಯ ದಿನ ಮೇಲ್ವಿಚಾರಕರು ಡುಲುತ್ ಟ್ರಯಲಿಗೆ ಮುಂಚೆ ತಂಡಗಳಿಗೆ ಕಳಿಸಲು ಅವನ ಒಳ್ಳೆಯ ಎಸೆತಗಳ ವಿಡಿಯೋ ಕೇಳಿದರು. ನಾನು ಕೊನೆಯ ಮ್ಯಾಚಿನದನ್ನು ಕತ್ತರಿಸದೆ ಇಡಿಯಾಗಿ ಕಳಿಸಿದೆ, ಜೊತೆಗೆ ಒಂದು ಸಾಲು: ಎರಡು ಬೆರಳಿಗೆ ಜೋಮು, ಎಸೆತಗಳ ನಡುವಿನ ಭಾಗ ದಯವಿಟ್ಟು ನೋಡಿ.

ತಕ್ಷಣ ಫೋನು. "ಮೇಡಂ, ಏನು ಕಳಿಸಿದ್ದೀರಾ? ಇದರಲ್ಲಿ ಕೈ ಕೊಡವ್ತಾನೆ, ಬೆರಳು ಊದ್ಕೋತಾನೆ. ಇದನ್ನ ಯಾರು ತಗೋತಾರೆ?"

"ಅದಕ್ಕೇ ಕಳಿಸಿದ್ದು."

"ನಾವು ಡಾಕ್ಟರಾ? ಅವರಪ್ಪನೇ ಡಾಕ್ಟರು. ಅವರಿಗಿಲ್ಲದ ಚಿಂತೆ ನಿಮಗ್ಯಾಕೆ? ಸರಿ ಬಿಡಿ, ನಾನೇ ಕಟ್ ಮಾಡ್ಕೋತೀನಿ. ನೀವು ಡುಲುತ್‌ಗೆ ಡ್ರೈವ್ ಮಾಡಿ, ಅಲ್ಲಿ ಎಸೆಯೋದಷ್ಟನ್ನೇ ಶೂಟ್ ಮಾಡಿ. ಪ್ಲೀಸ್."

ಬಿಟ್ಟುಬಿಡೋಣ ಎನ್ನಿಸಿತು. ನಮ್ಮವರೂ ಅದನ್ನೇ ಅಂದರು, "ಆ ಹೊಲಸು ನಿನಗ್ಯಾಕೆ, ಕ್ಯಾಮೆರಾ ವಾಪಸ್ ಕಳಿಸು." ಆದರೆ ನಾನು ಬಿಟ್ಟರೆ ಆ ಜಾಗಕ್ಕೆ ಎಸೆತಕ್ಕೊಮ್ಮೆ ಕ್ಯಾಮೆರಾ ಆರಿಸುವ ಇನ್ನೊಬ್ಬರು ಬರುತ್ತಾರೆ ಅಷ್ಟೇ. ದೇವರ ಮುಂದೆ ಕೂತೆ. ಕಾರ್ಪೆಟ್ಟಿನ ಮೇಲೆ ತೀರ್ಥ ತೊಟ್ಟಿಕ್ಕಿದ ಕಡೆ ತುಳಸಿಯ ಒಂದು ಎಸಳು ಅಂಟಿಕೊಂಡು ಒಣಗಿತ್ತು. ಅದನ್ನು ಕಿತ್ತು ತೆಗೆಯುತ್ತಿರುವಾಗ ಒಂದು ವಿಷಯ ಹೊಳೆಯಿತು. ಆ ನಡುವಿನ ಭಾಗವನ್ನು ನಾನು ನೋಡಿದ್ದೆ, ಮೇಲ್ವಿಚಾರಕರು ನೋಡಿದ್ದರು, ಶೋಧಕರು ಕಣ್ಣಾರೆ ನೋಡಿದ್ದರು. ನೋಡದೆ ಇದ್ದವನು ಹುಡುಗ ಒಬ್ಬನೇ. ಅವನು ಕಂಡದ್ದು ಕಂಪನಿಯ ಪುಟದಲ್ಲಿ ಹಾಕಿದ ಕತ್ತರಿಸಿದ ಎಸೆತಗಳನ್ನು ಮಾತ್ರ.

ಡುಲುತ್ ಟ್ರಯಲಿನ ದಿನ ಏಕಾದಶಿ. ನಸುಕಿಗೇ ಹೊರಟು ಹೆದ್ದಾರಿ ಹಿಡಿದೆ. ಟ್ರಕ್ಕುಗಳ ಕಾಟವಿರಲಿಲ್ಲ, ಹೋದಕೂಡಲೇ ಮರದ ನೆರಳಲ್ಲಿ ಕಾರಿಗೆ ಜಾಗವೂ ಸಿಕ್ಕಿತು. ಎರಡಕ್ಕೂ ಕೈ ಮುಗಿದೆ. ಕೊರಿಯನ್ ಅಂಗಡಿಗಳ ಸಾಲಿನ ಹಿಂದೆ ತರಬೇತಿ ಮೈದಾನ. ಹುಡುಗ ಕಾರಿನ ಡಿಕ್ಕಿ ತೆಗೆದು ರಬ್ಬರಿನ ಪಟ್ಟಿ ಎಳೆದು ತೋಳು ಬಿಸಿಮಾಡಿಕೊಳ್ಳುತ್ತಿದ್ದ. ಡಾಕ್ಟರು ಹೆಸರು ಬರೆಸಲು ಒಳಗೆ ಹೋಗಿದ್ದರು, ತಾಯಿ ಕಾಫಿ ತರಲು ಹೋಗಿದ್ದರು.

ಟ್ಯಾಬ್ಲೆಟ್ ಅವನ ಮುಂದೆ ಹಿಡಿದೆ. "ಇದನ್ನ ನೋಡಿದ್ದೀಯಾ?"

"ನನ್ನ ವಿಡಿಯೋಸ್ ಎಲ್ಲಾ ನೋಡಿದೀನಿ ಆಂಟಿ."

"ಇದನ್ನ ನೋಡಿಲ್ಲ."

ನೋಡಿದ. ಪರದೆಯಲ್ಲಿ ಅವನು ಎಸೆಯುತ್ತಾನೆ. ಆಮೇಲೆ ಎಲ್ಲರೂ ಆರಿಸಿಬಿಡುವ ಭಾಗ: ಬಲಗೈಯನ್ನು ಬೆಂಕಿ ತಾಗಿದವನ ಹಾಗೆ ಕೊಡವುತ್ತಾನೆ. ಬೆರಳುಗಳನ್ನು ಬಾಯಿಗೆ ಹಿಡಿದು ಊದುತ್ತಾನೆ. ಬಗ್ಗಿ, ಹಿಡಿತಕ್ಕೆಂದು ಕೈಗೆ ಹಚ್ಚಿಕೊಳ್ಳುವ ಅಂಟು ಪುಡಿಯ ಚೀಲ ಎತ್ತಲು ಹೋಗುತ್ತಾನೆ. ಅದು ಜಾರುತ್ತದೆ, ಮತ್ತೆ ಜಾರುತ್ತದೆ, ಕೊನೆಗೆ ಕಾಲಲ್ಲಿ ಅತ್ತ ನೂಕಿ ಎದ್ದು ನಿಲ್ಲುತ್ತಾನೆ. ಎಡಗೈಯಿಂದ ಬಲಗೈಯ ಕಿರುಬೆರಳನ್ನು ಮಡಿಚಿ ಚೆಂಡಿನ ಮೇಲೆ ಕೂರಿಸುತ್ತಾನೆ. ಎಸೆಯುತ್ತಾನೆ. ಪಕ್ಕದಲ್ಲಿ ಅಂಕಿ ಮೂಡುತ್ತದೆ, ತೊಂಬತ್ತಾರು.

"ನಾನು ಹೀಗೆ ಮಾಡ್ತೀನಾ?"

"ಪ್ರತಿ ಸಲ."

"ಬೇರೆ ಯಾರು ನೋಡಿದಾರೆ?"

"ನಮ್ಮ ಬಾಸ್‌ಗೆ ಕಳಿಸಿದ್ದೆ. ಈ ಭಾಗ ಕಟ್ ಮಾಡಿದ್ರು."

"ಅಪ್ಪಾ?"

"ವಿಡಿಯೋ ನೋಡಿಲ್ಲ. ಬೆರಳಿನ ವಿಷಯ ಅಪ್ಪನಿಗೆ ಗೊತ್ತು."

ಅವನು ರಬ್ಬರಿನ ಪಟ್ಟಿಯನ್ನು ಸುಮ್ಮನೆ ಕೈಗೆ ಸುತ್ತಿಕೊಳ್ಳುತ್ತ ನಿಂತ. "ಆಮೇಲೆ ಏಳುತ್ತೆ ಅಂತ ಹೇಳಿದ್ರು. ಈಗ ಬೆಳಿಗ್ಗೆನೂ ಏಳಲ್ಲ ಆಂಟಿ. ಟೂತ್‌ಬ್ರಶ್ ಲೆಫ್ಟ್ ಹ್ಯಾಂಡಲ್ಲಿ ಹಿಡ್ಕೋತೀನಿ." ಪಟ್ಟಿ ಬಿಚ್ಚುತ್ತ, "ನಾನು ಎಸೀಬಾರ್ದಾ?"

"ಅದನ್ನ ನಾನು ಹೇಳಲ್ಲ ಕಂದ. ಕೈ ನಿಂದು. ನಿನಗೆ ತೋರಿಸ್ದೇ ಇದ್ದಿದ್ರೆ ನನಗೆ ಇವತ್ತು ಊಟ ಸೇರ್ತಿರ್ಲಿಲ್ಲ, ಅಷ್ಟೇ."

"ಇವತ್ತು ಏಕಾದಶಿ ಆಂಟಿ. ನೀವು ಹೇಗೂ ಊಟ ಮಾಡಲ್ಲ." ನಕ್ಕ.

ಒಳಗೆ ಹತ್ತು ಹನ್ನೆರಡು ಕುರ್ಚಿ, ಅವೇ ಬಾಟಲಿಗಳು. ಅವನು ದಿಬ್ಬ ಹತ್ತಿದ. ಮೊದಲನೆಯ ಎಸೆತಕ್ಕೆ ಎಲ್ಲರ ಗನ್ನುಗಳೂ ಒಟ್ಟಿಗೆ ಮೇಲೆದ್ದವು. ತೊಂಬತ್ತೈದು. ಎರಡನೆಯದು ತೊಂಬತ್ತೇಳು. ಕುರ್ಚಿಗಳಲ್ಲಿ ಗುಸುಗುಸು ಎದ್ದಿತು, ಬಿಳಿ ಗಡ್ಡದವರು ಮುಂದಕ್ಕೆ ಬಾಗಿದರು. ಡಾಕ್ಟರು ಬೇಲಿಯ ತಂತಿಗೆ ಬೆರಳು ಸಿಕ್ಕಿಸಿಕೊಂಡು ನಿಂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಕೈಯಲ್ಲಿ ಎರಡು ಕಾಫಿ ಲೋಟ. ನನ್ನ ಕ್ಯಾಮೆರಾ ಓಡುತ್ತಲೇ ಇತ್ತು.

ಕ್ಯಾಚರ್ ಚೆಂಡು ತಿರುಗಿ ಎಸೆದ. ಹುಡುಗ ಎಡಗೈಯ ಗವುಸಿನಲ್ಲಿ ಹಿಡಿದು ಬಲಗೈಗೆ ತೆಗೆದುಕೊಂಡ. ಚೆಂಡು ಕೆಳಗೆ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. ಅಷ್ಟರಲ್ಲಿ ತನ್ನದೇ ಬಲಗೈಯನ್ನು ಯಾರದೋ ಕೈ ನೋಡುವ ಹಾಗೆ ಎತ್ತಿ ನೋಡಿದ. ಕಿರುಬೆರಳನ್ನು ಮಡಿಚಿ ಕೂರಿಸಲು ಎಡಗೈ ಹೋಯಿತು, ಅರ್ಧದಲ್ಲಿ ನಿಂತಿತು. ಅವನು ಗವುಸು ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ಎಡಗೈಯಿಂದ ಚೆಂಡು ಎತ್ತಿ, ದಿಬ್ಬ ಇಳಿದು ಬಂದು, ಟ್ರಯಲ್ ನಡೆಸುತ್ತಿದ್ದ ಕೋಚಿನ ಕೈಗೆ ಕೊಟ್ಟ.

"ಐ ಕಾಂಟ್ ಫೀಲ್ ಮೈ ಹ್ಯಾಂಡ್, ಸರ್."

"ಏ! ಇನ್ನೊಂದು!" ಡಾಕ್ಟರು ಬೇಲಿ ಅಲುಗಿಸಿದರು. "ಇನ್ನೊಂದ ಒಂದು ಒಗಿ! ಎರಡ ಎರಡು ಒಗದು ಬರ್ತಾರೇನೋ?"

ತಾಯಿ ಲೋಟಗಳನ್ನು ನೆಲದ ಮೇಲಿಟ್ಟರು. ಒಂದು ಉರುಳಿತು. "ಸಾಕ್ ಮಾಡ್ರಿ," ಅಂದರು. ನಾನು ಅವರ ಆ ದನಿಯನ್ನು ಹಿಂದೆಂದೂ ಕೇಳಿರಲಿಲ್ಲ. "ಕಾರಿನ ಕೀಲಿ ಕೊಡ್ರಿ."

ಶೋಧಕರು ಕುರ್ಚಿ ಮಡಿಚುತ್ತಿದ್ದರು. ಒಬ್ಬರೂ ಅವನ ಹತ್ತಿರ ಹೋಗಲಿಲ್ಲ. ಮುಂದಿನ ಹುಡುಗ ಎಸೆಯುವುದು ಪಕ್ಕದ ದಿಬ್ಬದಲ್ಲಂತೆ. ಗನ್ನು, ಕುರ್ಚಿ, ಟೋಪಿ ಎತ್ತಿಕೊಂಡು ಅತ್ತ ನಡೆದರು. ಉಗುಳಿನ ಬಾಟಲಿಗಳನ್ನು ಅಲ್ಲೇ ಬಿಟ್ಟರು. ತೊಂಬತ್ತೇಳು ಕಂಡಾಗ ಇವರೆಲ್ಲ ಎದ್ದು ಕೂತಿದ್ದರಲ್ಲ, ಅದಾಗಿ ಐದು ನಿಮಿಷವೂ ಆಗಿರಲಿಲ್ಲ.

ಕಾರಿನ ಹತ್ತಿರ ಡಾಕ್ಟರು ನನ್ನನ್ನು ತಡೆದರು. "ವೈನಿ, ಏನ್ ತೋರಿಸಿದ್ರಿ ಅವಗ?"

"ಅವನ ಕೈ ತೋರಿಸಿದೆ ಡಾಕ್ಟ್ರೇ."

"ನಿಮ್ಮ ಮಗ ಆಗಿದ್ರ ಹಿಂಗ ಮಾಡ್ತಿದ್ರೇನು?"

"ಇನ್ನೂ ಬೇಗ ಮಾಡ್ತಿದ್ದೆ."

ಹಿಂದಿನ ಸೀಟಿನಲ್ಲಿ ತಾಯಿ ಮಗನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳನ್ನು ಒತ್ತಿ, "ಇದು ಗೊತ್ತಾಗ್ತದೇನು? ಇದು?" ಎಂದು ಕೇಳುತ್ತಿದ್ದರು. ಅವನು ಎರಡು ಬೆರಳಿಗೆ ಇಲ್ಲವೆಂದು ತಲೆ ಅಲ್ಲಾಡಿಸಿದ.

ಊರಿಗೆ ತಿರುಗುವ ದಾರಿಯಲ್ಲಿ ಪೆಟ್ರೋಲ್ ಹಾಕಿಸುತ್ತಿರುವಾಗ ಮೇಲ್ವಿಚಾರಕರ ಫೋನು.

"ಮೇಡಂ, ಅವರಪ್ಪ ಫೋನ್ ಮಾಡಿದ್ರು. ಪೂರ್ತಿ ವಿಡಿಯೋ ಕಂಪನಿ ಆಸ್ತಿ. ಪ್ಲೇಯರ್‌ಗೆ ತೋರಿಸೋ ಹಾಗಿಲ್ಲ ಅಂತ ಮೊದಲ ದಿನವೇ ಹೇಳಿದ್ದೆ."

"ಹೇಳಿದ್ರಿ. ವಿಡಿಯೋ ನಿಮ್ಮದೇ. ಕೈ ಅವನದು."

"ಫಿಲಾಸಫಿ ಬೇಡ ಮೇಡಂ. ಗನ್ನು, ಕ್ಯಾಮೆರಾ ಪ್ಯಾಕ್ ಮಾಡಿ ಕಳಿಸ್ಬಿಡಿ."

ಕಳಿಸಿದೆ. ಕಳಿಸುವ ಮುಂಚೆ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ. ಆ ಬಟ್ಟೆಯನ್ನು ಕಸಕ್ಕೆ ಹಾಕಿದೆ.

ಸ್ಕ್ಯಾನ್ ಆಯಿತು. ತಾಯಿಯೇ ಕರೆದುಕೊಂಡು ಹೋಗಿ ಮಾಡಿಸಿದರು. ನಾರು ಅರ್ಧಕ್ಕಿಂತ ಹೆಚ್ಚು ಹರಿದಿತ್ತು, ಪೂರ್ತಿ ಹರಿದಿರಲಿಲ್ಲ. ನರ ಊದಿ ಮೂಳೆಯ ಸಂದಿಯಲ್ಲಿ ಒತ್ತಿಕೊಂಡಿತ್ತು. ಆಪರೇಷನ್ ಮಾಡಿದ ಸರ್ಜನ್, ನರ ಸತ್ತಿಲ್ಲ, ನಿಧಾನಕ್ಕೆ ಚೇತರಿಸಿಕೊಳ್ಳಬಹುದು ಅಂದರಂತೆ. ಇವುಗಳನ್ನು ನಾನು ರಾಯರ ಲೆಕ್ಕಕ್ಕೆ ಬರೆದಿದ್ದೇನೆ. ಜುಲೈನ ಡ್ರಾಫ್ಟಿನಲ್ಲಿ ಯಾರೂ ಅವನ ಹೆಸರು ಕೂಗಲಿಲ್ಲ. ಅದನ್ನು ಯಾರ ಲೆಕ್ಕಕ್ಕೆ ಬರೆಯುವುದೋ ತಿಳಿಯದೆ ಬಿಟ್ಟಿದ್ದೇನೆ. ಅವನು ಆ ದಿನ ಅತ್ತನೆಂದು ತಾಯಿ ಹೇಳಿದರು.

ಡಾಕ್ಟರು ಅನೇಕ ಗುರುವಾರ ಬರಲಿಲ್ಲ. ತಾಯಿ ಮಗ ಇಬ್ಬರೇ ಬರುತ್ತಿದ್ದರು. ಕೈಗೆ ಪಟ್ಟಿ ಇದ್ದಷ್ಟು ದಿನ ನಮ್ಮವರು ತೀರ್ಥವನ್ನು ಅವನ ಬಾಯಿಗೇ ಬಿಟ್ಟರು. ಎಡಗೈಗೆ ಅಕ್ಷತೆ ಕೊಟ್ಟಾಗ ಯಾರೂ ಏನೂ ಅನ್ನಲಿಲ್ಲ. ಎಷ್ಟು ಬಂತು ಎಂದು ಕೇಳುವವರೂ ಇರಲಿಲ್ಲ. ಕೇಳಲು ಅಂಕಿ ಇಲ್ಲದ ಹುಡುಗನ ಹತ್ತಿರ ಏನು ಮಾತಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಹೋದ ವಾರ ಮೂವರೂ ಬಂದರು. ತೋರಣ ಹಣೆಗೆ ಬಡಿಯಿತು. "ಸಾರಿ ಆಂಟಿ." ತೀರ್ಥದ ಸಾಲಿನಲ್ಲಿ ಅವನು ಬಾಗಿ ಬಲಗೈ ಚಾಚಿದ. ಮೊದಲನೆಯ ಸಲ ಅರ್ಧ ಸೋರಿತು. ಎರಡನೆಯ ಸಲ ಅವನು ಹುಬ್ಬು ಗಂಟಿಕ್ಕಿ ಕಿರುಬೆರಳನ್ನೇ ದಿಟ್ಟಿಸಿದ. ಅದು ನಡುಗುತ್ತ ಸರಿದು ಪಕ್ಕದ ಬೆರಳಿಗೆ ಆತುಕೊಂಡಿತು. ಮೂರನೆಯದು ನಿಂತಿತು. ಅಂಗೈಯ ಗುಳಿಯಲ್ಲಿ, ಒಂದು ಎಸಳು ತುಳಸಿಯ ಸಮೇತ. ಅವನು ಕುಡಿಯದೆ ಅದನ್ನೇ ನೋಡುತ್ತ ನಿಂತ. ಹಿಂದಿದ್ದವರು ಕಾದರು. ಅವನ ಹಿಂದೆಯೇ ನಿಂತಿದ್ದ ಡಾಕ್ಟರು ಮಗನ ಭುಜದ ಪಕ್ಕದಿಂದ ಇಣುಕಿ ನೋಡಿ, ತಮ್ಮ ಕೈಯನ್ನೇ ನಮ್ಮವರ ಮುಂದೆ ಚಾಚಿದರು. ನನ್ನ ಕಡೆ ಇನ್ನೂ ನೋಡುವುದಿಲ್ಲ.

ಈ ಬೆಳಿಗ್ಗೆ ಪೂಜೆಯ ಪಾತ್ರೆಗಳನ್ನು ಸಿಂಕಿಗೆ ಹಾಕಿ, ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿರುವಾಗ ಫೋನು ಗುರುಗುಟ್ಟಿತು. ಕ್ಲಾರ್ಕ್ಸ್‌ಬರ್ಗ್. ನಿಂತಿತು. ಹಿಂದೆಯೇ ಪರದೆಯ ಮೇಲೆ ಸಂದೇಶ ಮೂಡಿತು: "ಮೇಡಂ, ಹೇಗಿದ್ದೀರಾ? ನಿಮ್ಮ ಉದ್ದದ ಹುಡುಗ ಮತ್ತೆ ಎಸೆಯೋಕೆ ಶುರು ಮಾಡಿದಾನಂತೆ. ಎಷ್ಟು ಬರ್ತಿದೆ, ಏನಾದ್ರೂ ಗೊತ್ತಾ?"

ಅವನ ಕತ್ತರಿಸಿದ ವಿಡಿಯೋ ಅವರ ಕಂಪನಿಯ ಪುಟದಲ್ಲಿ ಇನ್ನೂ ಇದೆ. ನಗುವ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ ತೊಂಬತ್ತೇಳು.

ಮೊಣಕೈಯಿಂದ ಫೋನನ್ನು ಬೋರಲು ಹಾಕಿದೆ. ತೀರ್ಥದ ಬಟ್ಟಲು ಬೆಳ್ಳಗಾಗಿತ್ತು, ಉದ್ಧರಣೆಯೂ ಆಗಿತ್ತು. ದೀಪದ ಕಂಬದ ಬುಡದಲ್ಲಿ ಎಣ್ಣೆಯ ಜಿಡ್ಡು ಕಪ್ಪಗೆ ಕೂತಿತ್ತು. ಇನ್ನೊಂದು ಉಂಡೆ ಹುಣಸೆಹಣ್ಣು ತೆಗೆದುಕೊಂಡು ಅದನ್ನು ತಿಕ್ಕತೊಡಗಿದೆ.